ರತ್ನಾಗಿರಿಯಿಂದ ಹರಿಹರೇಶ್ವರಕ್ಕೆ ಒಂದೇ ದಿನ, ಮೂರು ಬಾರ್ಜ್: ಬೈಕ್ ಸವಾರರಿಗೆ ಬೇಕಾದ ವಿವರ

ತುಂಗಭದ್ರಾ350

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಮಹಾರಾಷ್ಟ್ರದ ಕೊಂಕಣದ ಕಡಲದಂಡೆ ರಸ್ತೆಯಲ್ಲಿ ಒಂದು ದಿನದ ಸವಾರಿ ಇಟ್ಟುಕೊಂಡಿದ್ದೇವೆ. ಹಿಂದಿನ ರಾತ್ರಿ ರತ್ನಾಗಿರಿಯಲ್ಲಿ ವಸತಿ, ಮರುದಿನ ಸಂಜೆಗೆ ಹರಿಹರೇಶ್ವರ. ಎರಡು ಗಾಡಿ: ಒಂದು 350 ಸಿ.ಸಿ. ಬೈಕಿನಲ್ಲಿ ಇಬ್ಬರು, ಇನ್ನೊಂದು 110 ಸಿ.ಸಿ. ಸ್ಕೂಟರಿನಲ್ಲಿ ಒಬ್ಬರು. ಜಯಗಡ, ದಾಭೋಳ, ವೇಶ್ವಿ ಈ ಮೂರು ಕಡೆ ಬಾರ್ಜ್, ಅಂದರೆ ವಾಹನ ಸಾಗಿಸುವ ಚಪ್ಪಟೆ ದೋಣಿ ಹತ್ತಿ ಗಾಡಿ ಸಮೇತ ನೀರು ದಾಟಬೇಕು.

ಮ್ಯಾಪಿನಲ್ಲಿ ಹೆಚ್ಚುಕಮ್ಮಿ 200 ಕಿ.ಮೀ. ಬರುತ್ತೆ. ದಾವಣಗೆರೆ ಕಡೆಯ ಹೆದ್ದಾರಿಯಲ್ಲಾದರೆ ಇದು ನಾಲ್ಕು ಗಂಟೆ ಕೆಲಸ. ಅಲ್ಲಿ ಎಷ್ಟು ಹಿಡಿಯುತ್ತೆ? ಬಾರ್ಜ್ ಮೇಲೆ ಬೈಕ್ ಏರಿಸೋದು ಇಳಿಸೋದು ಹೇಗೆ? ಉಪ್ಪುನೀರಿನಿಂದ ಗಾಡಿಗೆ ಏನಾಗುತ್ತೆ? ಗೊತ್ತಿರೋರು ಬಿಡಿಸಿ ಹೇಳಿ.

ಗಡಿನಾಡ_ಸವಾರ

ಮೊದಲು ಆ ನಾಲ್ಕು ಗಂಟೆ ಲೆಕ್ಕ ಬಿಟ್ಟುಬಿಡ್ರಿ. ಅಲ್ಲಿನ ನೆಲದ ರೀತಿಯೇ ಬೇರೆ. ಕಡಲಿಗೆ ತಾಗಿಕೊಂಡೇ ಕೆಂಪು ಜಂಬಿಟ್ಟಿಗೆ ಕಲ್ಲಿನ ಚಪ್ಪಟೆ ದಿಣ್ಣೆ, ಅದನ್ನ ಅವರು ಸಡಾ ಅಂತಾರೆ. ಎರಡು ಸಡಾ ನಡುವೆ ಒಂದು ಹಳ್ಳವೋ ಅಳಿವೆಯೋ. ರಸ್ತೆ ದಿಣ್ಣೆ ಏರಿ ಎರಡು ಮೂರು ಕಿ.ಮೀ. ನೇರ ಓಡುತ್ತದೆ, ಆಮೇಲೆ ಹೇರ್‌ಪಿನ್ ತಿರುವಿನಲ್ಲಿ ಊರಿಗೆ ಇಳಿಯುತ್ತದೆ, ತೆಂಗಿನ ತೋಟದ ನಡುವೆ ಒಂದೇ ಗಾಡಿ ಹಿಡಿಯುವಷ್ಟು ಓಣಿ, ಮತ್ತೆ ಏರು. ದಿನವಿಡೀ ಇದೇ. ಸರಾಸರಿ ಗಂಟೆಗೆ 30-35 ಕಿ.ಮೀ. ಬಂದರೆ ಚಲೋ ಹೊಡದಂಗೆ. ಅಂದರೆ ಗಾಡಿ ಮೇಲೇ ಆರು, ಆರೂವರೆ ಗಂಟೆ. ಪ್ರತಿ ಬಾರ್ಜಿಗೂ ಕಾಯುವುದು, ಏರಿಸುವುದು, ದಾಟುವುದು, ಇಳಿಸುವುದು ಸೇರಿ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಊಟ, ಚಹಾ, ಫೋಟೊ ಸೇರಿಸಿದರೆ ಹತ್ತು ಗಂಟೆ ದಾಟಿತು.

ದಾರಿ ಹೀಗೆ: ರತ್ನಾಗಿರಿಯಿಂದ ಆರೆ-ವಾರೆ ಮೇಲೆ ಗಣಪತಿಪುಳೆ ಸುಮಾರು 25 ಕಿ.ಮೀ. ಅಲ್ಲಿಂದ ಮಾಲಗುಂಡ ದಾಟಿ ಜಯಗಡ ಇನ್ನೊಂದು 20. ಶಾಸ್ತ್ರಿ ನದಿಯ ಅಳಿವೆ ದಾಟಿದರೆ ತವಸಾಳ. ಹೆದವಿ, ವೇಳಣೇಶ್ವರ, ಗುಹಾಗರ ಅಂತ 40 ಕಿ.ಮೀ., ಅಲ್ಲಿಂದ ಧೋಪಾವೆ ಜೆಟ್ಟಿ 15. ವಾಶಿಷ್ಠಿ ನದಿಯ ಆಚೆ ದಡ ದಾಭೋಳ. ದಾಪೋಲಿ, ಹರ್ಣೆ, ಆಂಜರ್ಲೆ, ಕೆಳಶಿ ಮುಗಿಸಿ ವೇಶ್ವಿ. ಸಾವಿತ್ರಿ ನದಿ ದಾಟಿದರೆ ಬಾಗಮಾಂಡ್ಲಾ, ಅಲ್ಲಿಂದ ಹರಿಹರೇಶ್ವರ ಐದಾರು ಕಿ.ಮೀ. ಅಷ್ಟೆ.

ಸಮಯ: ಬೆಳಿಗ್ಗೆ 6ಕ್ಕೆ ರತ್ನಾಗಿರಿ ಬಿಡಿ, 8ರ ಹೊತ್ತಿಗೆ ಜಯಗಡದಲ್ಲಿ ನೀರಿನ ಮೇಲಿರಬೇಕು. 10ಕ್ಕೆ ಗುಹಾಗರ, 11:30ಕ್ಕೆ ಧೋಪಾವೆ, 1ಕ್ಕೆ ದಾಪೋಲಿಯಲ್ಲಿ ಊಟ, 5ರೊಳಗೆ ವೇಶ್ವಿ.

ಕುಮಟೆಯವ

ಸಮಯದ ವಿಷಯದಲ್ಲಿ ಒಂದು ತಕರಾರು ಮಾರಾಯ್ರೆ. ಜನವರಿಯಲ್ಲಿ ರತ್ನಾಗಿರಿಯಲ್ಲಿ ಸೂರ್ಯ ಹುಟ್ಟುವಾಗಲೇ ಏಳು ದಾಟುತ್ತದೆ. ಆರಕ್ಕೆ ಹೊರಟರೆ ಆರೆ-ವಾರೆ ತುಂಡು ಪೂರ್ತಿ ಕತ್ತಲಲ್ಲೇ ಹೋಯಿತು. ಇಡೀ ದಿನದ ದಾರಿಯಲ್ಲಿ ಕಡಲು ಅಷ್ಟು ಹತ್ತಿರದಿಂದ, ಅಷ್ಟು ಎತ್ತರದಿಂದ ಕಾಣುವ ಜಾಗ ಇನ್ನೊಂದಿಲ್ಲ: ಗುಡ್ಡದ ಅಂಚಿನಲ್ಲಿ ರಸ್ತೆ, ಕೆಳಗೆ ಒಂದರ ಪಕ್ಕ ಒಂದು ಎರಡು ದಂಡೆ, ಮೇಲೆ ಗಾಳಿಮರದ ಸಾಲು. 6:45ಕ್ಕೆ ಹೊರಡಿ. ಜಯಗಡಕ್ಕೆ ಮುಕ್ಕಾಲು ಗಂಟೆ ತಡವಾಗುತ್ತದೆ, ಆಗಲಿ. ಆ ಮುಕ್ಕಾಲು ಗಂಟೆಯನ್ನು ಗಣಪತಿಪುಳೆಯಲ್ಲಿ ತಿಂಡಿಗೆ ಕೂರದೆ ಗುಹಾಗರದಲ್ಲಿ ಒಟ್ಟಿಗೇ ತಿಂದು ಸರಿಮಾಡಬಹುದು.

ಸಂಜೆ ಕಡೆಗೂ ಹಾಗೇ. ಸೂರ್ಯಾಸ್ತ ಆರೂಕಾಲರ ಸುಮಾರು. ಕೆಳಶಿಯಿಂದ ವೇಶ್ವಿಗೆ ಹೋಗುವ ರಸ್ತೆಯಲ್ಲಿ ಬೀದಿದೀಪ ಇಲ್ಲ, ದನಗಳು ರಸ್ತೆಯ ಮೇಲೇ ಮಲಗುತ್ತವೆ. ಅದನ್ನು ಬೆಳಕಿದ್ದಾಗಲೇ ಮುಗಿಸಬೇಕು.

ಗಡಿನಾಡ_ಸವಾರ

ಒಪ್ಪಿದೆ. ಡಿಸೆಂಬರ್-ಜನವರಿಗೆ 6:45 ಸರಿ. ಮಾರ್ಚ್ ನಂತರ ಹೋಗುವವರು 6ಕ್ಕೇ ಹೊರಡಲಿ, ಹನ್ನೊಂದರ ಮೇಲೆ ಸಡಾ ಮೇಲಿನ ಬಿಸಿಲು ತಡೆಯೋದು ಕಷ್ಟ. ಬರೀ ಕಲ್ಲು, ಒಣ ಹುಲ್ಲು, ಒಂದು ಮರ ಇರೋದಿಲ್ಲ.

ತುಂಗಭದ್ರಾ350

ಬಾರ್ಜ್ ಏರಿಸೋದಕ್ಕೆ ಸ್ವಲ್ಪ ಧೈರ್ಯ ಇದೆ, ಸಿಗಂದೂರು ಲಾಂಚಿನಲ್ಲಿ ಬೈಕ್ ಹಾಕಿದ ಅಭ್ಯಾಸ ನಮ್ಮಿಬ್ಬರಿಗೂ ಇದೆ. ಅದೇ ಥರ ತಾನೇ?

ಕುಮಟೆಯವ

ಅಲ್ಲ, ಇಲ್ಲೇ ಮುಖ್ಯ ವ್ಯತ್ಯಾಸ ಇರುವುದು. ಸಿಗಂದೂರಿನದು ಶರಾವತಿ ಹಿನ್ನೀರು. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆಗುವವರೆಗೆ ಅಲ್ಲಿ ಲಾಂಚೇ ದಾರಿ. ಆ ನೀರು ಏರುವುದು ಇಳಿಯುವುದು ತಿಂಗಳುಗಳ ಲೆಕ್ಕದಲ್ಲಿ. ಬೆಳಿಗ್ಗೆ ಇದ್ದ ಇಳಿಜಾರೇ ಸಂಜೆಗೂ ಇರುತ್ತದೆ. ಅಳಿವೆಯಲ್ಲಿ ಹಾಗಲ್ಲ, ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ರತ್ನಾಗಿರಿ ಕಡೆ ಹುಣ್ಣಿಮೆ ಅಮಾವಾಸ್ಯೆಯ ಹೊತ್ತಿಗೆ ಏರಿಳಿತದ ವ್ಯತ್ಯಾಸ ಎರಡು ಮೀಟರ್ ಮೀರುತ್ತದೆ, ಮುಂಬೈ ಕಡೆಗೆ ಹೋದಷ್ಟೂ ಇನ್ನೂ ಹೆಚ್ಚು. ನಮ್ಮ ತದಡಿ-ಅಘನಾಶಿನಿ ಕಡವಿನಲ್ಲಿ ಗಾಡಿ ದಾಟಿಸುವವರಿಗೆ ಇದು ಹೊಸದಲ್ಲ.

ನೀರು ತುಂಬಿದ್ದಾಗ ಬಾರ್ಜಿನ ಬಾಗಿಲು ಜೆಟ್ಟಿಯ ಮೇಲುಭಾಗದಲ್ಲಿ ಬಂದು ಕೂರುತ್ತದೆ. ಕಾಂಕ್ರೀಟ್ ಒಣಗಿರುತ್ತದೆ, ಇಳಿಜಾರೂ ಕಮ್ಮಿ. ನೀರು ಇಳಿದಾಗ ಬಾರ್ಜ್ ಕೆಳಗೆ ನಿಲ್ಲುತ್ತದೆ. ನೀವು ಇಳಿಯಬೇಕಾದ ಕಾಂಕ್ರೀಟು ಸ್ವಲ್ಪ ಹೊತ್ತಿನ ಮುಂಚೆ ನೀರಿನಡಿ ಇದ್ದದ್ದು, ಅದರ ಮೇಲೆ ಹಸಿರು ಪಾಚಿ. ಬೈಕ್ ಬೀಳುವುದು ಹೆಚ್ಚಾಗಿ ಅಲ್ಲೇ, ಬಾರ್ಜಿನ ಮೇಲೆ ಅಲ್ಲ.

ಅದಕ್ಕೇ ದಿನ ಆರಿಸುವಾಗ ಪಂಚಾಂಗ ನೋಡಿ. ಆ ಕರಾವಳಿಯ ಮೀನುಗಾರರ ಹಳೆಯ ಲೆಕ್ಕ ಒಂದಿದೆ: ತಿಥಿಯನ್ನು ಮುಕ್ಕಾಲರಿಂದ ಗುಣಿಸಿದರೆ ಉಬ್ಬರದ ಗಂಟೆ. ಶುಕ್ಲವಾದರೂ ಕೃಷ್ಣವಾದರೂ ಪಾಡ್ಯವೇ ಒಂದು. ಪಂಚಮಿ ಅಂದರೆ ಐದು ಸಲ ಮುಕ್ಕಾಲು, 3:45. ಅಷ್ಟಮಿಗೆ 6 ಗಂಟೆ. ಹುಣ್ಣಿಮೆಗೆ 11:15. ಬೆಳಿಗ್ಗೆ, ಸಂಜೆ ಎರಡಕ್ಕೂ ಹೆಚ್ಚುಕಡಿಮೆ ಅದೇ ಗಂಟೆ. ಅಲ್ಲಿಂದ ಆರು ಗಂಟೆ ಬಿಟ್ಟು ಇಳಿತ. ಅರ್ಧ ಮುಕ್ಕಾಲು ಗಂಟೆ ಹಿಂದೆ ಮುಂದೆ ಆಗಬಹುದು, ಬಾರ್ಜಿನ ಕೆಲಸಕ್ಕೆ ಇಷ್ಟು ಸಾಕು.

ಈಗ ನಿಮ್ಮ ದಾರಿಗೆ ಹಚ್ಚಿ ನೋಡಿ. ಹುಣ್ಣಿಮೆಯ ದಿನ ಹೋದರೆ ಧೋಪಾವೆಯಲ್ಲಿ ಹನ್ನೊಂದೂವರೆಗೆ ನೀರು ತುಂಬಿ ಸುಲಭ. ಆದರೆ ವೇಶ್ವಿಯಲ್ಲಿ ಸಂಜೆ ಐದಕ್ಕೆ ಪೂರ್ತಿ ಇಳಿತ, ಅದೂ ತಿಂಗಳಲ್ಲೇ ಹೆಚ್ಚಿನ ಇಳಿತ. ದಣಿದ ಕೈಕಾಲಿನಲ್ಲಿ ಪಾಚಿಯ ಮೇಲೆ ಇಳಿಯಬೇಕು. ಅಷ್ಟಮಿಯ ಆಚೀಚೆ ಹೋದರೆ ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ಉಬ್ಬರ, ಅಂದರೆ ಕೊನೆಯ ಬಾರ್ಜ್ ತುಂಬಿದ ನೀರಿನಲ್ಲಿ, ಮೊದಲನೆಯದು ನೀರು ಪೂರ್ತಿ ಇಳಿಯುವ ಮುಂಚೆ. ನಡುವಿನ ಧೋಪಾವೆಯಲ್ಲಿ ಇಳಿತ ಸಿಗುತ್ತದೆ, ಆದರೆ ಅಷ್ಟಮಿ ಸುತ್ತಿನ ದಿನಗಳಲ್ಲಿ ನೀರು ಏರುವುದೂ ಕಮ್ಮಿ, ಇಳಿಯುವುದೂ ಕಮ್ಮಿ. ಮೂರೂ ಕಡೆ ಇಳಿಜಾರು ಹದವಾಗಿರುತ್ತದೆ.

ತುಂಗಭದ್ರಾ350

ಇದು ಯಾವ ಪ್ರವಾಸದ ಪಟ್ಟಿಯಲ್ಲೂ ಸಿಕ್ಕಿರಲಿಲ್ಲ. ನಾವು ನೋಡಿಟ್ಟ ಶನಿವಾರ ಕೃಷ್ಣ ನವಮಿ. ಒಂಬತ್ತು ಸಲ ಮುಕ್ಕಾಲು ಅಂದರೆ 6:45ಕ್ಕೆ ಉಬ್ಬರ, ಮಧ್ಯಾಹ್ನ ಒಂದರ ಹತ್ತಿರ ಇಳಿತ, ಮತ್ತೆ ಸಂಜೆ ಏಳಕ್ಕೆ ಉಬ್ಬರ. ಸರಿನಾ?

ಕುಮಟೆಯವ

ಸರಿಯಾಗಿದೆ. ಒಳ್ಳೆಯ ದಿನ ಸಿಕ್ಕಿದೆ. ಧೋಪಾವೆಗೆ 12ರ ಮುಂಚೆ ತಲುಪಿ, ಇನ್ನೂ ಅನುಕೂಲ.

ಗಡಿನಾಡ_ಸವಾರ

ಇನ್ನು ಏರಿಸುವ ಕ್ರಮ. ಜೆಟ್ಟಿ ತುದಿಯಲ್ಲಿ ಬಾರ್ಜ್ ಬಂದು ಬಾಗಿಲು ಬೀಳಿಸುತ್ತದೆ, ಆ ಬಾಗಿಲೇ ರ‍್ಯಾಂಪ್. ಮೊದಲು ಆಚೆ ದಡದ ಗಾಡಿಗಳು ಇಳಿಯುತ್ತವೆ, ಅಲ್ಲಿಯವರೆಗೆ ಒಂದು ಬದಿಗೆ ನಿಲ್ಲಿ. ಕಾರುಗಳ ಸಾಲಿನ ಹಿಂದೆ ಬೈಕ್ ನಿಲ್ಲಿಸಬೇಕಾಗಿಲ್ಲ, ಮುಂದೆ ಹೋಗಿ ಸಿಬ್ಬಂದಿಗೆ ಕಾಣುವಂತೆ ನಿಲ್ಲಿ. ಬೈಕ್ ಮೊದಲೋ ಕೊನೆಗೋ ಅನ್ನುವುದನ್ನು ಅವರೇ ಕೈಮಾಡಿ ಹೇಳುತ್ತಾರೆ, ಅದು ಅವರ ತೂಕದ ಲೆಕ್ಕ.

ಕರೆದಾಗ ಫಸ್ಟ್ ಗೇರ್, ಅರ್ಧ ಕ್ಲಚ್, ಎರಡೂ ಕಾಲು ಕೆಳಗೆ ಸವರುವಂತೆ. ಕಾಂಕ್ರೀಟಿನ ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಮಾತ್ರ, ಅದೂ ಹಗುರವಾಗಿ. ಮುಂದಿನ ಬ್ರೇಕಿಗೆ ಬೆರಳು ಹೋಗಬಾರದು. ಪಾಚಿಯ ಮೇಲೆ ಮುಂದಿನ ಚಕ್ರ ಕಚ್ಚಿಕೊಂಡರೆ ಗಾಡಿ ಹಿಡಿಯಲು ಆಗುವುದಿಲ್ಲ. ರ‍್ಯಾಂಪಿನ ಕಬ್ಬಿಣದ ಅಂಚು ಕಾಂಕ್ರೀಟಿನಿಂದ ಎರಡು ಮೂರು ಇಂಚು ಎದ್ದಿರುತ್ತದೆ. ಅದನ್ನು ನೇರವಾಗಿ, ಚೌಕಕ್ಕೆ ದಾಟಬೇಕು. ಓರೆಯಾಗಿ ಹೋದರೆ ಟೈರ್ ಅಂಚಿಗೇ ಜಾರಿಕೊಂಡು ಹೋಗುತ್ತದೆ. ಅಂಚಿನ ಮೇಲೆ ಥ್ರಾಟಲ್ ಬಿಡಬೇಡಿ, ಕೂಡಿಸಲೂ ಬೇಡಿ. ಒಂದೇ ಸಮ.

ರ‍್ಯಾಂಪಿನ ಮೇಲೆ ಅಡ್ಡ ಪಟ್ಟಿ ಬೆಸುಗೆ ಹಾಕಿರುತ್ತಾರೆ, ಅಲ್ಲಿ ಹಿಡಿತ ಚಲೋ. ಒಳಗಿನ ಕಬ್ಬಿಣದ ನೆಲ ಹಾಗಲ್ಲ. ಕಾರು ಟ್ರಕ್ಕಿನ ಆಯಿಲ್, ಉಪ್ಪುನೀರು ಸೇರಿ ಜಾರುತ್ತದೆ. ಅಲ್ಲಿ ತಿರುಗಿಸುವ ಕೆಲಸ ಇದ್ದರೆ ಕೆಳಗಿಳಿದು ತಳ್ಳಿ.

ನಿಲ್ಲಿಸುವುದು: ಬಾರ್ಜಿನ ಉದ್ದಕ್ಕೇ ನಿಲ್ಲಿಸಿ, ಅಡ್ಡ ಬೇಡ. ಎಂಜಿನ್ ಬಂದ್ ಮಾಡಿ ಫಸ್ಟ್ ಗೇರಿನಲ್ಲಿ ಬಿಟ್ಟು ಸೈಡ್ ಸ್ಟ್ಯಾಂಡ್. ಸೆಂಟರ್ ಸ್ಟ್ಯಾಂಡ್ ಭದ್ರ ಅನಿಸುತ್ತದೆ, ಆದರೆ ಬಾರ್ಜ್ ದಡಕ್ಕೆ ತಾಗಿದಾಗ ಮುಂದಕ್ಕೆ ಬೀಳುವ ಕುಲುಕಿಗೆ ಅದು ಮಡಚಿಕೊಳ್ಳುತ್ತದೆ. ಮುಂದಿನ ಬ್ರೇಕ್ ಲಿವರನ್ನು ಒಂದು ದಪ್ಪ ರಬ್ಬರ್ ಬ್ಯಾಂಡಿನಿಂದ ಗ್ರಿಪ್ಪಿಗೆ ಕಟ್ಟಿದರೆ ಕೆಲಸ ಮುಗಿಯಿತು. ಸೈಕಲ್ ಟ್ಯೂಬ್ ಕತ್ತರಿಸಿದ ಉಂಗುರ ಎಲ್ಲಕ್ಕಿಂತ ಚಲೋ. ದಾಟುವುದು ಹತ್ತು ಹದಿನೈದು ನಿಮಿಷ ಅಷ್ಟೇ, ಗಾಡಿ ಬಿಟ್ಟು ಮೇಲಿನ ಅಟ್ಟಕ್ಕೆ ಹೋಗಲೇಬೇಕು ಅಂತಿಲ್ಲ. ಹೋಗುವುದಾದರೆ ದಡ ಸಮೀಪಿಸುವ ಮೊದಲೇ ವಾಪಸ್ ಬನ್ನಿ.

ಹಿಂದಿನ_ಸೀಟು

ಹಿಂದೆ ಕೂರುವವರ ಪರವಾಗಿ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಈ ಸೂಚನೆಗಳೆಲ್ಲ ಹ್ಯಾಂಡಲ್ ಹಿಡಿದವರಿಗೇ ಇರುತ್ತವೆ. ಜೆಟ್ಟಿಯ ಇಳಿಜಾರು ಶುರುವಾಗುವ ಮುಂಚೆಯೇ ಇಳಿದುಬಿಡಿ, ಬಾರ್ಜಿನ ಬಾಗಿಲ ಹತ್ತಿರ ಅಲ್ಲ. ಇಳಿದು ನಡೆಯುವಾಗ ಕಾಂಕ್ರೀಟಿನ ನಡುಭಾಗ ಹಿಡಿಯಿರಿ, ಟೈರ್ ಓಡಾಡಿ ಅಲ್ಲಿ ಪಾಚಿ ಸವೆದಿರುತ್ತದೆ. ಗಾಡಿಯ ಹಿಂದೆ ಅಲ್ಲ, ಪಕ್ಕದಲ್ಲಿ ಅಂತರವಿಟ್ಟು ನಡೆಯಿರಿ. ಬ್ಯಾಗು ನಿಮ್ಮ ಹೆಗಲಿಗಿದ್ದರೆ ಗಾಡಿಯ ತೂಕ ಎತ್ತರದಲ್ಲಿರುವುದಿಲ್ಲ, ಹಾಗಾಗಿ ಟಾಪ್ ಬಾಕ್ಸಿನ ಭಾರದ್ದನ್ನು ಹಿಂದೆ ಕೂರುವವರೇ ಹೊತ್ತು ನಡೆದರೆ ಒಳ್ಳೆಯದು.

ಸೀರೆ, ದುಪಟ್ಟಾ ಹಾಕುವವರು ಸವಾರಿಗೆ ಮುಂಚೆಯೇ ಗಂಟು ಕಟ್ಟಿ ಒಳಗೆ ಸೇರಿಸಿ. ಸಡಾ ಮೇಲೆ ಕಡಲಗಾಳಿ ಪಕ್ಕದಿಂದ ಬರುತ್ತದೆ, ಬಟ್ಟೆ ಚಕ್ರದ ಕಡೆಗೇ ಹಾರುತ್ತದೆ. ಶೌಚಾಲಯಕ್ಕೆ ಗಣಪತಿಪುಳೆ, ಗುಹಾಗರ, ದಾಪೋಲಿ ಇವು ಮೂರನ್ನು ನಂಬಬಹುದು. ಜೆಟ್ಟಿಗಳ ಮೇಲೆ ಭರವಸೆ ಇಟ್ಟುಕೊಳ್ಳಬೇಡಿ. ಹತ್ತು ಗಂಟೆಯ ದಿನದಲ್ಲಿ ಇದು ಸಣ್ಣ ವಿಷಯ ಅಲ್ಲ.

ತುಂಗಭದ್ರಾ350

ಅಕ್ಕಾ, ಇದನ್ನ ಕೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ, ತುಂಬಾ ಉಪಯೋಗ ಆಯ್ತು. ಸ್ಕೂಟರ್ ಬಗ್ಗೆ ಯಾರಾದರೂ ಹೇಳ್ತೀರಾ? 110 ಸಿ.ಸಿ. ಆ ಏರುಗಳನ್ನ ಎಳೆಯುತ್ತಾ?

ಸ್ಪ್ಯಾನರ್_ಹುಬ್ಬಳ್ಳಿ

ಏರೋದರ ಚಿಂತಿ ಬ್ಯಾಡ್ರಿ, ಒಬ್ರೇ ಇದ್ರ ಎಳಿತೈತಿ. ಇಳಿಯೋದರ ಚಿಂತಿ ಮಾಡ್ರಿ. ಬೈಕಿನಾಗ ಸೆಕೆಂಡ್ ಗೇರಿಗೆ ಹಾಕಿ ಥ್ರಾಟಲ್ ಬಿಟ್ರ ಎಂಜಿನ್ನೇ ಗಾಡಿ ಹಿಡಿತೈತಿ. ಸ್ಕೂಟರಿಗೆ ಗೇರ್ ಇಲ್ಲ, ಬೆಲ್ಟಿನ ಮ್ಯಾಲೆ ಓಡೋದು. ಇಳಿಜಾರಿನ್ಯಾಗ ವೇಗ ಭಾಳ ಕಮ್ಮಿ ಆದ್ರ ಕ್ಲಚ್ ಬಿಟ್ಕೊಂಡು ಎಂಜಿನ್ನಿನ ಹಿಡಿತಾನೂ ಹೋಗತೈತಿ, ಪೂರ್ತಿ ಬ್ರೇಕಿನ ಮ್ಯಾಲೇ ಭಾರ. ಡ್ರಮ್ ಬ್ರೇಕ್ ಒತ್ತಿ ಹಿಡಕೊಂಡೇ ಇಳದ್ರ ಶೂ ಕಾದು ಹಿಡಿಯೋದು ಬಿಡತಾವ, ಲಿವರ್ ಗ್ರಿಪ್ಪಿನ ತನಕ ಬರತೈತಿ. ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ಇಳೀರಿ. ಸುಟ್ಟ ವಾಸನಿ ಬಂತಂದ್ರ ಪಕ್ಕಕ್ಕ ಹಚ್ಚಿ ಹತ್ತು ಹದಿನೈದು ನಿಮಿಷ ಬಿಡ್ರಿ, ನೀರು ಹಾಕಬ್ಯಾಡ್ರಿ. ಹೊರಡೋಕಿಂತ ಮೊದಲು ಬ್ರೇಕ್ ಶೂ ಬಿಚ್ಚಿಸಿ ನೋಡಿಸ್ರಿ, ಅರ್ಧಕ್ಕಿಂತ ಜಾಸ್ತಿ ಸವದಿದ್ರ ಹೊಸಾದು ಹಾಕಿಸ್ರಿ.

ಬಾರ್ಜಿಗೆ ಸ್ಕೂಟರ್ ಇನ್ನೊಂದು ತರಾ. ಗೇರಿನ್ಯಾಗ ಬಿಟ್ಟು ನಿಲ್ಲಿಸೋಕ ಆಗೂದಿಲ್ಲ. ಬ್ರೇಕ್ ಲಾಕ್ ಕ್ಲಿಪ್ ಇದ್ರ ಹಾಕ್ರಿ, ಇಲ್ಲಂದ್ರ ಆ ಟ್ಯೂಬ್ ಉಂಗುರ ಹಿಂದಿನ ಬ್ರೇಕ್ ಲಿವರಿಗೆ ಕಡ್ಡಾಯ. ಏರಿಸುವಾಗ ರ‍್ಯಾಂಪಿನ ಅಂಚಿಗೆ ಸ್ಕೂಟರಿನ ಹೊಟ್ಟಿ ತಾಗತೈತಿ, ಸಣ್ಣ ಚಕ್ರ ಅಲ್ರೀ. ಅಂಚು ಭಾಳ ಎದ್ದಿದ್ರ ಒಂದು ಹಲಿಗಿ ಹಾಕ್ರಿ ಅಂತ ಸಿಬ್ಬಂದಿಗೆ ಕೇಳ್ರಿ.

ಬೈಕಿಗೆ: ಚೈನ್ ಸಡಿಲು ಮ್ಯಾನುಯಲ್ ನೋಡಿ ಇಡ್ರಿ, ಹೆಚ್ಚಿನ ಗಾಡಿಗೆ 25ರಿಂದ 35 ಮಿ.ಮೀ. ಇರತೈತಿ. ಇಬ್ರು ಕುಂತಾಗ ಹಿಂದಿನ ಸಸ್ಪೆನ್ಷನ್ ಕೆಳಗ ಹೋಗಿ ಚೈನ್ ಬಿಗಿ ಆಗತೈತಿ, ಅದಕ್ಕ ಕಮ್ಮಿ ಅಳತಿ ಹಿಡೀಬ್ಯಾಡ್ರಿ, ಹೆಚ್ಚಿನ ಕಡೀಗೆ ಇರಲಿ. ಹಿಂದಿನ ಟೈರಿಗೆ ಇಬ್ಬರ ಗಾಳಿ ಎಷ್ಟಂತ ಚೈನ್ ಕವರ್ ಮ್ಯಾಲೋ ಸ್ವಿಂಗ್ ಆರ್ಮ್ ಮ್ಯಾಲೋ ಸ್ಟಿಕ್ಕರ್ ಐತಿ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಹಾಕಿಸ್ರಿ. ಕ್ಲಚ್ ಕೇಬಲ್ ಲಿವರ್ ತುದಿಯಾಗ ಎಳಿ ಬಿಚ್ಚಿದ್ರ ಅದೇ ದಿನ ಬದಲು ಮಾಡ್ರಿ. ಇಂಥಾ ರಸ್ತೆಯಾಗ ಕ್ಲಚ್ ಹಿಡಿಯೋದು ಹೆದ್ದಾರಿಯ ಹತ್ತು ಪಟ್ಟು. ಒಂದು ಹೊಸ ಕೇಬಲ್ ಹಳೇದರ ಜೋಡಿ ಜೋಡಿಸಿ ಟೇಪ್ ಸುತ್ತಿ ಇಟ್ಟರ ಸಾಮಾನಿನ ಜಾಗಾನೂ ಬೇಕಾಗಿಲ್ಲ.

ಕುಮಟೆಯವ

ಕೆಂಪು ಮಣ್ಣಿನ ವಿಷಯ ಯಾರೂ ಹೇಳಲಿಲ್ಲ. ತಿರುವಿನ ಒಳಬದಿಯಲ್ಲಿ ಜಂಬಿಟ್ಟಿಗೆಯ ಪುಡಿ, ಸಣ್ಣ ಉರುಟು ಕಲ್ಲು ಬಂದು ಕೂತಿರುತ್ತದೆ. ಗೋಲಿಯ ಮೇಲೆ ಟೈರ್ ಓಡಿಸಿದಂತೆ ಆಗುತ್ತದೆ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬೇಡ. ಎದುರಿನಿಂದ ಬಸ್ಸು ಬಂದರೆ ಅದಕ್ಕೆ ಪೂರ್ತಿ ರಸ್ತೆ ಬೇಕು, ತಿರುವಿನಲ್ಲಿ ಹಾರ್ನ್ ಹೊಡೆದೇ ಹೋಗಿ. ಜಯಗಡದ ಕಡೆ ಬಂದರು, ವಿದ್ಯುತ್ ಸ್ಥಾವರ ಇರುವುದರಿಂದ ಕೊನೆಯ ಕೆಲವು ಕಿ.ಮೀ. ದೊಡ್ಡ ಲಾರಿಗಳ ಓಡಾಟವೂ ಇದೆ.

ತುಂಗಭದ್ರಾ350

ಪೆಟ್ರೋಲ್, ದುಡ್ಡು, ನೆಟ್‌ವರ್ಕ್?

ಗಡಿನಾಡ_ಸವಾರ

ರತ್ನಾಗಿರಿಯಲ್ಲೇ ಫುಲ್ ಟ್ಯಾಂಕ್ ಮಾಡಿ. ಆಮೇಲೆ ಗುಹಾಗರದ ಹತ್ತಿರ ಶೃಂಗಾರತಳಿಯಲ್ಲಿ ಪಂಪ್ ಇವೆ, ಆಮೇಲೆ ದಾಪೋಲಿ. ಸ್ಕೂಟರಿನ ಐದು ಲೀಟರ್ ಟ್ಯಾಂಕಿಗೆ ದಾಪೋಲಿಯಲ್ಲಿ ತುಂಬಿಸಲೇಬೇಕು. ಅಲ್ಲಿಂದ ಮುಂದೆ ಕೆಳಶಿ, ವೇಶ್ವಿ ಕಡೆ ಬಾಟಲಿ ಪೆಟ್ರೋಲಿನ ಭರವಸೆ ಇಟ್ಟುಕೊಳ್ಳಬೇಡಿ.

ಬಾರ್ಜಿಗೆ ಬೈಕಿಗೆ ಒಂದು, ತಲೆಗೊಂದು ಟಿಕೆಟ್, ದೊಡ್ಡ ಮೊತ್ತ ಏನಲ್ಲ. ಚಿಲ್ಲರೆ ನಗದು ಇಟ್ಟುಕೊಳ್ಳಿ. ಜೆಟ್ಟಿಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಯುಪಿಐ ಹೋಗುವುದಿಲ್ಲ, ಹಿಂದೆ ಸಾಲು ನಿಂತಿರುತ್ತದೆ. ಟಿಕೆಟ್ ಕೌಂಟರ್ ಜೆಟ್ಟಿಗಿಂತ ಸ್ವಲ್ಪ ಮೇಲೆ ಇರುತ್ತದೆ, ಸೀದಾ ಕೆಳಗೆ ಇಳಿದುಬಿಟ್ಟರೆ ಪಾಚಿಯ ಮೇಲೆ ವಾಪಸ್ ತಿರುಗಿಸುವ ಕೆಲಸ.

ಬಾರ್ಜ್ ಹೊರಡುವ ಸಮಯ ಮೂರೂ ಕಡೆ ಬೇರೆ ಬೇರೆ. ಎರಡೂ ದಡದಿಂದ ಸರದಿ ಪ್ರಕಾರ ಬಿಡುತ್ತಾರೆ, ಋತುವಿಗೆ ತಕ್ಕಂತೆ ಬದಲಾಗುತ್ತದೆ. ಹಿಂದಿನ ದಿನ ಫೋನ್ ಮಾಡಿ ಅಂದಿನ ಸಮಯ ಕೇಳಿ, ಮೂರನ್ನೂ ಚೀಟಿಯಲ್ಲಿ ಬರೆದು ಟ್ಯಾಂಕ್ ಮೇಲೆ ಅಂಟಿಸಿ. ನಿಮ್ಮ ದಿನವನ್ನು ನಡೆಸುವುದು ಆ ಚೀಟಿಯೇ, ಕಿ.ಮೀ. ಕಲ್ಲಲ್ಲ. ಕಣ್ಣೆದುರು ಬಾರ್ಜ್ ಹೊರಟುಬಿಟ್ಟರೆ ಒಂದು ಗಂಟೆಯವರೆಗೂ ಕಾಯಬೇಕಾಗಬಹುದು. ಜೆಟ್ಟಿಗೆ ಹತ್ತು ನಿಮಿಷ ಮುಂಚೆ ತಲುಪುವುದು ವೇಗವಾಗಿ ಓಡಿಸುವುದಕ್ಕಿಂತ ಹೆಚ್ಚು ಸಮಯ ಉಳಿಸುತ್ತದೆ.

ಮ್ಯಾಪಿನಲ್ಲಿ ಹರಿಹರೇಶ್ವರ ಅಂತ ಹಾಕಿದರೆ ಹೆದ್ದಾರಿ 66ಕ್ಕೆ ಎಳೆದುಕೊಂಡು ಹೋಗುತ್ತದೆ. ಒಂದೊಂದು ಜೆಟ್ಟಿಯನ್ನೂ ಬೇರೆ ಬೇರೆ ನಿಲುಗಡೆಯಾಗಿ ಹಾಕಿ. ಸೆಟ್ಟಿಂಗ್‌ನಲ್ಲಿ ಫೆರಿ ತಪ್ಪಿಸು ಅಂತ ಆಯ್ಕೆ ಇದ್ದರೆ ತೆಗೆಯಿರಿ. ರತ್ನಾಗಿರಿಯ ವೈಫೈನಲ್ಲೇ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಊರವರನ್ನು ಕೇಳುವುದಾದರೆ ಫೆರಿಬೋಟ್ ಜೆಟ್ಟಿ ಎಲ್ಲಿ ಅಂತಲೇ ಕೇಳಿ.

ಹಿಂದಿನ_ಸೀಟು

ಬಾರ್ಜ್ ನಿಂತೇ ಹೋಗಿದ್ದರೆ? ದುರಸ್ತಿ, ಗಾಳಿ ಅಂತ ನಿಲ್ಲಿಸುವುದು ಇದ್ದೇ ಇರುತ್ತದಲ್ಲ. ಅದಕ್ಕೂ ಒಂದು ದಾರಿ ಬರೆದಿಟ್ಟರೆ ಒಳ್ಳೆಯದು.

ಗಡಿನಾಡ_ಸವಾರ

ಜಯಗಡದಲ್ಲಿ ನಿಂತಿದ್ದರೆ ಹೆದರಬೇಕಿಲ್ಲ. ಶಾಸ್ತ್ರಿ ನದಿಗೆ ಒಳಗಡೆ ರಾಯಿ-ಭಾತಗಾಂವ ಸೇತುವೆ ಇದೆ, ಸುತ್ತು ಬಿದ್ದರೂ ಒಂದೆರಡು ಗಂಟೆಯಲ್ಲಿ ಗುಹಾಗರ ಸೇರಬಹುದು. ಧೋಪಾವೆಯಲ್ಲಿ ನಿಂತಿದ್ದರೆ ಕಷ್ಟ. ಗುಹಾಗರಕ್ಕೆ ವಾಪಸ್, ಚಿಪಳೂಣ, ಖೇಡ, ದಾಪೋಲಿ ಅಂತ ನೂರು ಕಿ.ಮೀ. ಮೀರುತ್ತದೆ. ಹಾಗಾದರೆ ಅಂದಿನ ವಸತಿ ದಾಪೋಲಿಗೇ ಬದಲಿಸಿ, ಮುಂದೆ ಓಡಿಸಬೇಡಿ. ವೇಶ್ವಿಯಲ್ಲಾದರೆ ಮಂಡಣಗಡ, ಮ್ಹಾಪ್ರಳ, ಆಂಬೇತ ಸೇತುವೆ, ಮ್ಹಸಳಾ ಮೇಲೆ ಬರಬೇಕು. ಅದು ಸಂಜೆಯ ಹೊತ್ತಾಗಿರುತ್ತದೆ, ಕತ್ತಲಾಗುವುದು ಖಚಿತ. ಅದಕ್ಕೇ ದಾಪೋಲಿಯಲ್ಲಿ ಊಟಕ್ಕೆ ಕೂತಾಗಲೇ ವೇಶ್ವಿಗೆ ಫೋನ್ ಮಾಡಿ ಕೇಳುವುದು ಒಳ್ಳೆಯ ಪದ್ಧತಿ.

ಮಳೆಗಾಲದಲ್ಲಿ ಈ ಸವಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಬಾರ್ಜ್ ಓಡುತ್ತಿದ್ದರೂ ಜೆಟ್ಟಿ ಒಣಗುವುದೇ ಇಲ್ಲ. ಗಣೇಶ ಚೌತಿಗೆ ಮುಂಬೈ ಕೊಂಕಣಿಗರೆಲ್ಲ ಊರಿಗೆ ಬರುತ್ತಾರೆ, ಆಗಲೂ ಬೇಡ. ಡಿಸೆಂಬರ್ ಕೊನೆಯ ವಾರವೂ ಅಷ್ಟೇ.

ತುಂಗಭದ್ರಾ350

ದಾಭೋಳದಿಂದ ಮುಂದೆ ದಾಪೋಲಿ ಊರೊಳಗೆ ಹೋಗದೆ ಕಡಲ ಪಕ್ಕದಲ್ಲೇ ಲಾಡಘರ, ಕರ್ದೆ, ಮುರೂಡ ಅಂತ ರಸ್ತೆ ಕಾಣ್ತಿದೆ. ಅದು ಹೇಗೆ?

ಕುಮಟೆಯವ

ಚಂದ ಇದೆ, ಸಮಯ ತಿನ್ನುತ್ತದೆ. ಅಗಲ ಕಮ್ಮಿ, ಕಡಿದಾದ ಇಳಿಜಾರು. ಕರ್ದೆಯಿಂದ ಹರ್ಣೆಯವರೆಗಿನ ತುಂಡು ಮಾತ್ರ ಬಿಡಬೇಡಿ, ಮುರೂಡ ದಂಡೆಯ ಪಕ್ಕದಲ್ಲೇ ಹೋಗುತ್ತದೆ. ಹರ್ಣೆಯಲ್ಲಿ ನಿಂತರೆ ನೀರಿನ ನಡುವೆ ಸುವರ್ಣದುರ್ಗ ಕಾಣುತ್ತದೆ. ಹಾಗಾಗಿ ದಾಭೋಳ-ದಾಪೋಲಿ ಒಳರಸ್ತೆ, ಊಟ, ಪೆಟ್ರೋಲು, ಆಮೇಲೆ ದಾಪೋಲಿಯಿಂದ ಕರ್ದೆಗೆ ಇಳಿದು ಮುರೂಡ, ಹರ್ಣೆ, ಆಂಜರ್ಲೆ. ಇದೇ ನನ್ನ ಆಯ್ಕೆ.

ಗಡಿನಾಡ_ಸವಾರ

ದಾಪೋಲಿಯಲ್ಲಿ ಊಟ ಮುಗಿದಾಗ ಗಂಟೆ 2:15 ಮೀರಿದ್ದರೆ ಹರ್ಣೆ, ಕೆಳಶಿ ಎಲ್ಲ ಬಿಟ್ಟು ಸೀದಾ ಮಂಡಣಗಡ ರಸ್ತೆ ಹಿಡಿಯಿರಿ. ದೂರ ಉಳಿಯುವುದು ಅಷ್ಟಕ್ಕಷ್ಟೇ, ಆದರೆ ರಸ್ತೆ ಅಗಲ, ವೇಗ ಬರುತ್ತದೆ. ಮನಸ್ಸಿಗೆ ಬೇಜಾರಾಗುತ್ತದೆ, ಗೊತ್ತು. ಆದರೂ ಸಾವಿತ್ರಿ ನದಿಯನ್ನು ಬೆಳಕಿನಲ್ಲಿ ದಾಟುವುದು ಮುಖ್ಯ.

ದಾಭೋಳದಲ್ಲಿ ಇಳಿದ ಮೇಲೆ ಕನ್ನಡದವರು ಐದು ನಿಮಿಷ ನಿಲ್ಲಲೇಬೇಕು. ವಿಜಯಪುರದ ಆದಿಲ್‌ಶಾಹಿಗಳ ದೊಡ್ಡ ಬಂದರು ಅದು. ಅವರ ಕಾಲದ ಕಲ್ಲಿನ ಮಸೀದಿ ಜೆಟ್ಟಿಗೆ ಸಮೀಪದಲ್ಲೇ, ತೆಂಗಿನ ಮರಗಳ ನಡುವೆ ಇದೆ. ಗುಮ್ಮಟ, ಮಿನಾರು ನೋಡಿದರೆ ವಿಜಯಪುರದ ಕೈ ಅಂತ ತಿಳಿಯುತ್ತದೆ. 1508ರ ಕೊನೆಯಲ್ಲಿ ಪೋರ್ಚುಗೀಸರ ಆಲ್ಮೇಡಾ ಸುಟ್ಟು ಹಾಳುಮಾಡಿದ ಊರೂ ಇದೇ.

ಸ್ಪ್ಯಾನರ್_ಹುಬ್ಬಳ್ಳಿ

ಉಪ್ಪಿನ ಬಗ್ಗೆ ಕೇಳಿದ್ರಲ್ಲ, ಅದು ಬಾಕಿ ಐತಿ. ದಂಡಿ ಮ್ಯಾಲೆ, ಮರಳಿನಾಗ ಗಾಡಿ ಇಳಿಸಬ್ಯಾಡ್ರಿ, ಇದು ಮೊದಲನೇದು. ಒದ್ದಿ ಮರಳು ಚೈನಿನಾಗ ಹೊಕ್ಕರ ಅರಿ ಹಾಕಿ ತಿಕ್ಕಿದಂಗ ಕೆಲಸ ಮಾಡತೈತಿ.

ಬಾರ್ಜಿನ ನೆಲದಾಗಿನ ನೀರು, ಗಾಳಿಯಾಗಿನ ಉಪ್ಪು ಇವೆರಡೂ ಹತ್ತೇ ಹತ್ತತಾವ. ಹರಿಹರೇಶ್ವರ ಮುಟ್ಟಿದ ಮ್ಯಾಲೆ ಅವತ್ತೇ ರಾತ್ರಿ ತೊಳೀಬೇಕು, ಊರಿಗೆ ಬಂದು ತೊಳದ್ರಾತು ಅನಬ್ಯಾಡ್ರಿ. ಎಂಜಿನ್ ಆರಲಿಕ್ಕೆ ಅರ್ಧ ತಾಸು ಬಿಡ್ರಿ. ಕಾದ ಡಿಸ್ಕಿಗೆ, ಸೈಲೆನ್ಸರಿಗೆ ತಣ್ಣೀರು ಬಿದ್ರ ಸೊಟ್ಟಾಗೋ ಸಂಭವ. ಆಮೇಲೆ ಸಿಹಿನೀರು ಎರಡು ಬಕೆಟ್ ಸಾಕು. ಮಗ್ಗಿನಿಂದ ಮ್ಯಾಲಿಂದ ಕೆಳಗ ಹಾಕ್ರಿ: ರೇಡಿಯೇಟರ್ ಇದ್ರ ಅದು, ಎಂಜಿನ್ ಫಿನ್, ಚೈನ್, ಸ್ವಿಂಗ್ ಆರ್ಮ್ ಒಳಮೈ, ಸೈಡ್ ಸ್ಟ್ಯಾಂಡ್ ಸ್ಪ್ರಿಂಗ್, ಮಡ್‌ಗಾರ್ಡ್ ಒಳಗ. ಪ್ರೆಶರ್ ಪೈಪ್ ಚಕ್ರದ ನಡುವಿಗೆ, ಹ್ಯಾಂಡಲ್ ಬೇರಿಂಗಿಗೆ ಹಿಡೀಬ್ಯಾಡ್ರಿ, ಗ್ರೀಸ್ ಹೊರಗ, ನೀರು ಒಳಗ ಆಗತೈತಿ.

ಚೈನ್ ಅರಿವಿಲೆ ಒರಸಿ ಒಣಗಿಸಿ 90 ನಂಬರ್ ಗೇರ್ ಆಯಿಲ್ ಇಲ್ಲಾ ಚೈನ್ ಸ್ಪ್ರೇ, ಒಳಗಿನ ಬದಿಗೆ. ಎಂಜಿನ್ ಬಂದ್ ಮಾಡಿ ಚಕ್ರ ಕೈಲೆ ತಿರುಗಿಸ್ರಿ. ಗೇರಿನ್ಯಾಗ ಓಡಿಸ್ಕೋತ ಎಣ್ಣಿ ಹಾಕೋಕ ಹೋಗಿ ಬೆರಳು ಕಳಕೊಂಡವರು ಅದಾರ. ತುಕ್ಕು ಬಿಡಿಸೋ ಸ್ಪ್ರೇ ಚೈನ್ ಎಣ್ಣಿ ಅಲ್ಲ, ಅದು ನೂರು ಕಿ.ಮೀ.ಗೆ ಹಾರಿಹೋಗತೈತಿ. ತೊಳದ ಮ್ಯಾಲೆ ಎರಡು ನಿಮಿಷ ಗಾಡಿ ಓಡಿಸಿ ಬ್ರೇಕ್ ಒಣಗಿಸಿ ನಿಲ್ಲಿಸ್ರಿ. ಇಲ್ಲಂದ್ರ ಬೆಳಿಗ್ಗೆ ಡಿಸ್ಕ್ ಮ್ಯಾಲೆ ಕೆಂಪು ಪದರ ಬಂದಿರತೈತಿ. ಬಂದಿದ್ರೂ ಗಾಬರಿ ಬ್ಯಾಡ, ನಾಲ್ಕು ಸಲ ಬ್ರೇಕ್ ಹಾಕಿದ್ರ ಹೋಗತೈತಿ.

ತುಂಗಭದ್ರಾ350

ಎಲ್ಲಾ ಬರೆದುಕೊಂಡೆ. ಕೊನೆ ಪ್ರಶ್ನೆ: ಮರುದಿನ ಹರಿಹರೇಶ್ವರದಿಂದ ಒಂದೇ ಓಟಕ್ಕೆ ದಾವಣಗೆರೆ ಮುಟ್ಟಬಹುದಾ?

ಗಡಿನಾಡ_ಸವಾರ

ಬೇಡ. ಮಹಾಡ, ಪೋಲಾದಪುರ, ಆಂಬೇನಳಿ ಘಾಟ್ ಏರಿ ಮಹಾಬಳೇಶ್ವರ, ಸಾತಾರಾ, ಅಲ್ಲಿಂದ ಹೆದ್ದಾರಿ 48. ಒಟ್ಟು 600 ಕಿ.ಮೀ. ಮೀರುತ್ತದೆ, ಸ್ಕೂಟರ್ ಬೇರೆ ಜೊತೆಗಿದೆ. ಘಾಟ್ ಮುಗಿಯುವಷ್ಟರಲ್ಲೇ ಮಧ್ಯಾಹ್ನ ಆಗಿರುತ್ತದೆ. ಕೊಲ್ಹಾಪುರದಲ್ಲಿ ರಾತ್ರಿ ಉಳಿಯಿರಿ. ಮರುದಿನ ಬೆಳಿಗ್ಗೆ ಆರಕ್ಕೆ ಬಿಟ್ಟರೆ ಬೆಳಗಾವಿಯಲ್ಲಿ ತಿಂಡಿ, ಹುಬ್ಬಳ್ಳಿ ದಾಟಿ ಊಟದ ಹೊತ್ತಿನ ಆಚೀಚೆ ಊರು. ರಾಷ್ಟ್ರೀಯ ಹೆದ್ದಾರಿಯ ಟೋಲಿನಲ್ಲಿ ಬೈಕಿಗೆ ದುಡ್ಡಿಲ್ಲ, ಎಡಗಡೆಯ ದ್ವಿಚಕ್ರದ ದಾರಿ ಹಿಡಿಯಿರಿ.

ಸ್ಪ್ಯಾನರ್_ಹುಬ್ಬಳ್ಳಿ

ಕೊಲ್ಹಾಪುರದಾಗ ರಾತ್ರಿ ಚೈನ್ ಸಡಿಲು ಇನ್ನೊಮ್ಮೆ ನೋಡ್ರಿ, ಘಾಟಿನ ಮ್ಯಾಲೆ ಎಳದಿರತೈತಿ. ಸ್ಕೂಟರಿಂದು ಹಿಂದಿನ ಬ್ರೇಕ್ ನಟ್ ಒಂದೆರಡು ಸುತ್ತು ಬಿಗಿ ಮಾಡಬೇಕಾಗತೈತಿ. 14ರ ಸ್ಪ್ಯಾನರ್ ಡಿಕ್ಕಿಯಾಗ ಇರಲಿ, ನಿಮ್ಮ ಗಾಡಿ ನಟ್ಟಿಗೆ ಕುಂದರತೈತೋ ಇಲ್ಲೋ ಮನೀಲೇ ಹಾಕಿ ನೋಡಿ ಇಡ್ರಿ.